ಸೈನ್ಯದಲ್ಲಿ ಎಲ್ಲಕ್ಕಿಂತ ಕಷ್ಟದ ಡ್ಯೂಟಿ ಯಾವುದು? ಅವ್ವ ಕೇಳ್ತಿದ್ದಾಳೆ

ಆಲೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆ ಆಲೂರು ತಾಲ್ಲೂಕು. ನನಗೆ 19 ವರ್ಷ. ಅಗ್ನಿವೀರ್‌ಗೆ ಆಯ್ಕೆಯಾಗಿದ್ದೇನೆ. ಪರೀಕ್ಷೆ, ಓಟ, ಮೆಡಿಕಲ್ ಎಲ್ಲ ಮುಗಿದಿದೆ. ಟ್ರೇನಿಂಗ್‌ಗೆ ಹೊರಡುವುದೊಂದೇ ಬಾಕಿ.

ಅಪ್ಪನಿಗೆ ಖುಷಿಯೋ ಖುಷಿ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಅವ್ವ ಮಾತ್ರ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಮೊನ್ನೆ ಅಕ್ಕಿರೊಟ್ಟಿ ತಟ್ಟುತ್ತಾ, ತಲೆ ಎತ್ತದೆ ಕೇಳಿದಳು. "ಅಲ್ಲಿ ಎಲ್ಲದಕ್ಕಿಂತ ಕಷ್ಟದ ಕೆಲ್ಸ ಯಾವ್ದು? ಅದನ್ನ ಮೊದ್ಲು ಹೇಳು. ಮಿಕ್ಕಿದ್ದು ಆಮೇಲೆ."

ಸಿಯಾಚಿನ್ ಅಂದೆ. "ಅಲ್ಲೇನು ಮಾಡ್ತಾರೆ?" ಅಂದಳು. ತುಂಬಾ ಚಳಿ ಇರುತ್ತೆ ಅಂದೆ. "ಚಳಿ ಇಲ್ಲೂ ಐತೆ. ಕೆಲ್ಸ ಏನು ಅಂತ ಕೇಳಿದ್ದು" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಎಲ್ಲ ವಿಡಿಯೋದಲ್ಲೂ ಬರೀ ಜೋರು ಮ್ಯೂಸಿಕ್ಕು, ಬಂದೂಕು, ಬಾವುಟ. ಅವ್ವನಿಗೆ ಅದನ್ನು ತೋರಿಸಿದರೆ ಏನೂ ಪ್ರಯೋಜನವಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸರ್ವಿಸ್ ಮುಗಿಸಿ ಬಂದವರು ಯಾರಾದರೂ ಇದ್ದರೆ, ನಿಮಗೇ ಕಷ್ಟ ಆದ ಡ್ಯೂಟಿ ಯಾವುದು ಅಂತ ಹೇಳ್ತೀರಾ? ಕೇಳಿದ್ದು ಬೇಡ, ಮಾಡಿದ್ದು ಹೇಳಿ. ನಾನು ಅವ್ವನಿಗೆ ಓದಿ ಹೇಳುತ್ತೇನೆ.

---

ಅರಕಲಗೂಡು ನರ್ಸಿಂಗ್ ಅಸಿಸ್ಟೆಂಟ್ (ನಿವೃತ್ತ)

ಒಳ್ಳೇದಾಗಲಿ ತಮ್ಮಾ. ನಿಮ್ಮ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ.

ಸಿಯಾಚಿನ್ ಅಂದರೆ 76 ಕಿಲೋಮೀಟರ್ ಉದ್ದದ ಹಿಮದ ನದಿ. 1984ರ ಏಪ್ರಿಲ್ 13ಕ್ಕೆ ನಮ್ಮವರು ಅಲ್ಲಿ ಹೋಗಿ ಕೂತರು. ಅವತ್ತಿನಿಂದ ಇಳಿದಿಲ್ಲ. ಬೇಸ್ ಕ್ಯಾಂಪೇ ಸುಮಾರು 12,000 ಅಡಿ. ಮೇಲಿನ ಪೋಸ್ಟುಗಳು 18,000 ಅಡಿ, 20,000 ಅಡಿ, ಅದಕ್ಕೂ ಮೇಲೆ. ಬೇಸಿನಿಂದ ದಿನಗಟ್ಟಲೆ ನಡೆಯಬೇಕು. ಒಬ್ಬರ ಸೊಂಟಕ್ಕೆ ಒಬ್ಬರು ಹಗ್ಗ ಕಟ್ಟಿಕೊಂಡು ಹೋಗುತ್ತೇವೆ. ಮೇಲೆ ಹಿಮ ಸಪಾಟಾಗಿ ಕಾಣುತ್ತೆ, ಕೆಳಗೆ ಬಾವಿಯ ಹಾಗೆ ಬಿರುಕು. ಒಬ್ಬ ಜಾರಿದರೆ ಮಿಕ್ಕವರು ಹಗ್ಗ ಹಿಡಿದು ಎಳೆಯಬೇಕು.

ಇನ್ನು ಕೆಲಸ. ನಾನು ಆರ್ಮಿ ಮೆಡಿಕಲ್ ಕೋರ್‌ನವನು. ಪೋಸ್ಟಿನಲ್ಲಿ ಡಾಕ್ಟರ್ ಇರಲಿಲ್ಲ, ನಾನೇ ಎಲ್ಲ. ಬೆಳಿಗ್ಗೆ ಎದ್ದ ತಕ್ಷಣ ಎಲ್ಲರ ಸಾಕ್ಸ್ ಬಿಚ್ಚಿಸಿ ಕಾಲ್ಬೆರಳು ನೋಡುವುದು. ಒಂದೊಂದೇ ಬೆರಳು ಒತ್ತಿ ನೋಡಬೇಕು. ಬಿಳಿಚಿಕೊಂಡಿದೆಯಾ, ಮುಟ್ಟಿದರೆ ಗೊತ್ತಾಗುತ್ತಾ ಅಂತ. ಇದು ಸುಲಭ ಅನ್ನಿಸುತ್ತೆ ಅಲ್ವಾ? ಹುಡುಗರು ಸುಳ್ಳು ಹೇಳುತ್ತಿದ್ದರು. ಜೋಮು ಹಿಡಿದಿದ್ದರೂ "ಠೀಕ್ ಹೈ" ಅನ್ನುತ್ತಿದ್ದರು. ತಾನು ಇಳಿದರೆ ತನ್ನ ಪಹರೆ ಇನ್ನೊಬ್ಬನ ಮೇಲೆ ಬೀಳುತ್ತೆ ಅಂತ. ಹಾಗಾಗಿ ಮುಖ ನೋಡಬಾರದು, ಬೆರಳನ್ನೇ ನೋಡಬೇಕು. ಇದನ್ನು ಕಲಿಯುವಷ್ಟರಲ್ಲಿ ಒಬ್ಬನ ಎರಡು ಬೆರಳು ಹೋಯಿತು. ಈಗಲೂ ನೆನಪಾಗುತ್ತೆ.

ರಾತ್ರಿ ಯಾರಾದರೂ ಕೆಮ್ಮಿದರೆ ನಿದ್ದೆ ಹಾರಿಹೋಗುತ್ತಿತ್ತು. ಅಷ್ಟು ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ ಇದೆ. ಎದೆಗೆ ಕಿವಿ ಇಟ್ಟರೆ ಗೊರಗೊರ ಕೇಳುತ್ತೆ. ಅದಕ್ಕೆ ಮುಖ್ಯ ಮದ್ದು, ಕೆಳಗೆ ಇಳಿಸುವುದು. ಹವಾ ಕೆಟ್ಟಿದ್ದರೆ ಹೆಲಿಕಾಪ್ಟರ್ ಬರಲ್ಲ. ಆಕ್ಸಿಜನ್ ಕೊಟ್ಟು ಆಕಾಶ ನೋಡಿಕೊಂಡು ಕೂತಿರಬೇಕು.

ಉಳಿದದ್ದು ಸಣ್ಣಪುಟ್ಟದ್ದು. ನೀರು ಬೇಗ ಕುದಿಯುತ್ತೆ, ಅನ್ನ ಬೇಯಲ್ಲ, ಕುಕ್ಕರ್ ಬೇಕೇ ಬೇಕು. ಸೀಮೆಎಣ್ಣೆ ಸ್ಟೌ ಸದಾ ಉರಿಯುತ್ತಿರುತ್ತೆ, ಉಗಿದರೆ ಕಪ್ಪು.

ನಮ್ಮ ಜಿಲ್ಲೆಯವರು ಮರೆಯಬಾರದ ಒಂದು ವಿಷಯ ಹೇಳುತ್ತೇನೆ. 2016ರ ಫೆಬ್ರವರಿ 3ರಂದು ಸೋನಮ್ ಪೋಸ್ಟಿನ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಆದಮೇಲೆ ಜೀವಂತ ಸಿಕ್ಕರಲ್ಲ, ಅದೇ. ಅವರೂ ಫೆಬ್ರವರಿ 11ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಅವರ ಹೆಸರು ಎಲ್ಲರಿಗೂ ಗೊತ್ತು. ಆ ಹತ್ತು ಜನರಲ್ಲಿ ಸುಬೇದಾರ್ ನಾಗೇಶ್ ಕೂಡ ಇದ್ದರು, ನಮ್ಮ ಹಾಸನದ ಪಕ್ಕದ ತೇಜೂರಿನವರು. ತೇಜೂರಿನ ದಾರಿಯಲ್ಲಿ ಹೋದಾಗಲೆಲ್ಲ ನಾನು ಒಂದು ನಿಮಿಷ ಗಾಡಿ ನಿಲ್ಲಿಸುತ್ತೇನೆ.

---

ದುದ್ದದ ಸ್ಯಾಪರ್

ಅರಕಲಗೂಡಿನ ಸಾಹೇಬರಿಗೆ ಸಲಾಂ. ಅವರು ಹೇಳಿದ್ದಕ್ಕೆ ಎದುರು ಮಾತಿಲ್ಲ. ನಾನೂ ಮೇಲೆ ಒಂದು ಸಲ ಹೋಗಿದ್ದೆ, ಗುಡಿಸಲು ಹೂಡುವ ಕೆಲಸಕ್ಕೆ. ಆದರೆ ಹುಡುಗ ಕೇಳಿದ್ದು ಅವರವರ ಕಷ್ಟ. ನನ್ನದು ಬೇರೆ. ಅದು ಚಳಿಯಲ್ಲೂ ಅಲ್ಲ, ಬೆಟ್ಟದ ಮೇಲೂ ಅಲ್ಲ. ಒಂದು ಗೋಧಿ ಹೊಲದಲ್ಲಿ.

ನಾನು ಎಂಇಜಿ, ಮದ್ರಾಸ್ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ದಳ. ಬೆಂಗಳೂರಿನ ಹಲಸೂರು ಕೆರೆ ಪಕ್ಕ ನಮ್ಮ ಸೆಂಟರ್. 1988ರಲ್ಲಿ ಭರ್ತಿಯಾದೆ. ನಮ್ಮನ್ನು ಮಿಕ್ಕವರು "ತಂಬಿ" ಅಂತ ಕರೆಯುತ್ತಾರೆ, ಕನ್ನಡದವನಾದರೂ ತಂಬಿಯೇ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಮೈನ್ ಅಂದರೆ ನೆಲಬಾಂಬು ಹೂಳುವುದು, ಮೈನ್ ತೆಗೆಯುವುದು ನಮ್ಮ ಕಸುಬು. ಟ್ರೇನಿಂಗ್‌ನಲ್ಲಿ ಉಸ್ತಾದರು ನಮ್ಮ ಸುಬೇದಾರ್ ಸುಬ್ರಮಣಿಯನ್ ಕತೆ ಹೇಳುತ್ತಿದ್ದರು. 1944ರಲ್ಲಿ ಇಟಲಿಯಲ್ಲಿ ಸಿಡಿಯಲಿದ್ದ ಮೈನ್ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದವರು. ಬ್ರಿಟಿಷರ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಇನ್ನೊಬ್ಬರು ನಮ್ಮ ಕಾರವಾರದ ಕಡೆಯ ರಾಮ ರಾಘೋಬ ರಾಣೆ. ಅವರು ಬಾಂಬೆ ಸ್ಯಾಪರ್ಸ್. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿ ದಾರಿಯಲ್ಲಿ ಗುಂಡಿನ ಮಳೆಯಲ್ಲೇ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ. ಇವೆಲ್ಲ ಕೇಳುವಾಗ ಮೈ ಜುಮ್ಮೆನ್ನುತ್ತಿತ್ತು. ನಮಗೆ ಸಿಕ್ಕಿದ ಕೆಲಸದಲ್ಲಿ ಗುಂಡೂ ಇರಲಿಲ್ಲ, ಶತ್ರುವೂ ಇರಲಿಲ್ಲ.

2001ರ ಡಿಸೆಂಬರ್ 13ಕ್ಕೆ ಪಾರ್ಲಿಮೆಂಟ್ ಮೇಲೆ ದಾಳಿ ಆಯಿತಲ್ಲ, ಅದಾದಮೇಲೆ ಇಡೀ ಸೈನ್ಯ ಗಡಿಗೆ ಹೋಯಿತು. ಆಪರೇಷನ್ ಪರಾಕ್ರಮ್. ನಮ್ಮ ಕಂಪನಿ ಪಂಜಾಬಿನ ಫಾಜಿಲ್ಕಾ ಕಡೆ. ಆ ಮಂಜು ಹೇಗಿತ್ತು ಅಂದರೆ, ನಮ್ಮ ಸಕಲೇಶಪುರ ಘಾಟಿಯ ಮಂಜು ಅದರ ಮುಂದೆ ಏನೂ ಅಲ್ಲ. ಹೊಲದಲ್ಲಿ ಗೋಧಿ ಗೇಣುದ್ದ ಬಂದಿತ್ತು. ಹಸಿರು ಹಸಿರು. ಅದರೊಳಗೆ ನಾವು ಮೈನ್ ಹೂತೆವು.

ನಾನು ಹೇಳುವುದು ಚಿಕ್ಕ ಮೈನ್, ಮನುಷ್ಯರಿಗೆ ಹಾಕುವುದು. ಬೂಟ್ ಪಾಲಿಶ್ ಡಬ್ಬಿಯ ಹಾಗೆ, ಅದಕ್ಕಿಂತ ಸ್ವಲ್ಪ ದಪ್ಪ. ಐದೂವರೆ ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಎತ್ತರ. ಮೈಯೆಲ್ಲ ಪ್ಲಾಸ್ಟಿಕ್. ಒಳಗೆ 30 ಗ್ರಾಮ್ ಮದ್ದೂ ಇರಲ್ಲ. ಇದು ಕೊಲ್ಲುವುದಕ್ಕೆ ಮಾಡಿದ್ದಲ್ಲ. ಪಾದ ತೆಗೆಯುವುದಕ್ಕೆ ಮಾಡಿದ್ದು. ಸತ್ತವನನ್ನು ಬಿಟ್ಟು ಮುಂದೆ ಹೋಗಬಹುದು, ಕಾಲು ಹೋದವನನ್ನು ಎತ್ತಲು ನಾಲ್ಕು ಜನ ಬೇಕು. ಇದನ್ನು ಯೋಚಿಸಿದವನು ಯಾರೋ, ಅವನ ತಲೆಗೆ ಏನು ಹೇಳಬೇಕೋ ಗೊತ್ತಿಲ್ಲ.

ಹೂಳುವುದಕ್ಕೂ ಲೆಕ್ಕ ಇದೆ. ಸುಮ್ನೆ ಎರಚಿ ಬರುವುದಲ್ಲ. ಮೊದಲು ಅಳ್ಳಾಡದ ಒಂದು ಗುರುತು ಹಿಡಿಯಬೇಕು, ಸೇತುವೆ ಕಲ್ಲೋ, ಕೊಳವೆಬಾವಿ ಮನೆಯೋ. ಅಲ್ಲಿಂದ ಕಂಪಾಸ್ ಹಿಡಿದು ಎಷ್ಟು ಡಿಗ್ರಿ, ಎಷ್ಟು ಮೀಟರ್, ಎಷ್ಟು ಸಾಲು, ಸಾಲಿಗೆ ಎಷ್ಟು ಅಂತ ನಕ್ಷೆ ಬರೆಯಬೇಕು. ಒಂದೊಂದು ಮೈನ್ ಹೂತಾಗಲೂ ಅದರ ಸೇಫ್ಟಿ ಕ್ಲಿಪ್ ತೆಗೆದು ಡಬ್ಬಿಗೆ ಹಾಕಿಕೊಳ್ಳಬೇಕು. ರಾತ್ರಿ ಟೆಂಟಿನಲ್ಲಿ ಕ್ಲಿಪ್ ಎಣಿಸುವುದು. ನಕ್ಷೆ ಹೇಳಿದ ಲೆಕ್ಕ, ಡಬ್ಬಿ ಹೇಳಿದ ಲೆಕ್ಕ ಒಂದೇ ಆಗಬೇಕು. ಸುತ್ತ ಮುಳ್ಳುತಂತಿ, ಕೆಂಪು ಫಲಕ. ನಾನು ಆಗ ನಾಯಕ್. ನನ್ನ ಕೈಕೆಳಗೆ ಒಂದು ಸೆಕ್ಷನ್. ನಾನು ಹೇಳುವ ಹೊಲದಲ್ಲಿ ನಾವು ಹೂತದ್ದು 212. ಆ ಸಂಖ್ಯೆ ನನ್ನ ಪಿಂಚಣಿ ನಂಬರಿಗಿಂತ ಚೆನ್ನಾಗಿ ನೆನಪಿದೆ.

ಹೂಳುವಾಗ ಒಬ್ಬ ಸರ್ದಾರ್ ಮುದುಕ ರಸ್ತೆಯ ಮೇಲೆ ನಿಂತು ನೋಡುತ್ತಿದ್ದ. ಹೊಲ ಅವನದು. ಬೈಯಲಿಲ್ಲ, ಅಳಲಿಲ್ಲ. ನೋಡುತ್ತಿದ್ದ ಅಷ್ಟೇ.

ಆಮೇಲೆ ಹತ್ತು ತಿಂಗಳು ಯುದ್ಧ ಇವತ್ತು, ನಾಳೆ ಅಂತ ಕಾದೆವು. ಯುದ್ಧ ಆಗಲಿಲ್ಲ. ಗೋಧಿ ತಾನೇ ಹಣ್ಣಾಗಿ ತಾನೇ ಉದುರಿತು. 2002ರ ಅಕ್ಟೋಬರಿನಲ್ಲಿ ವಾಪಸ್ ಹೋಗಿ ಅಂತ ಆರ್ಡರ್ ಬಂತು. ಪಲ್ಟನ್ ಪಲ್ಟನ್ನೇ ರೈಲು ಹತ್ತಿ ಹೋಯಿತು. ನಾವು ಉಳಿದೆವು. ಹೂತವರೇ ತೆಗೀಬೇಕಲ್ಲ.

ಹೂಳುವುದಕ್ಕೆ ದಿನ ಸಾಕು, ತೆಗೆಯುವುದಕ್ಕೆ ತಿಂಗಳು ಬೇಕು. ಹತ್ತು ತಿಂಗಳಲ್ಲಿ ಆಳುದ್ದ ಹುಲ್ಲು ಬೆಳೆದಿತ್ತು. ಕಾಲುವೆ ನೀರು ನುಗ್ಗಿ ಮಣ್ಣು ಸರಿದಿತ್ತು. ನಕ್ಷೆಯಲ್ಲಿ ಇರುವ ಜಾಗದಲ್ಲಿ ಮೈನ್ ಇರಲಿಲ್ಲ. ಒಂದಡಿ ಆಚೆ, ಮೊಳ ಈಚೆ. ಕೆಲವು ಹೂತುಹೋಗಿದ್ದವು, ಕೆಲವು ಓರೆಯಾಗಿದ್ದವು. ಓರೆಯಾದದ್ದೇ ಅಪಾಯ. ಯಾಕೆ ಅಂದರೆ, ನಾವು ಮಣ್ಣಿಗೆ ಸಲಾಕೆಯನ್ನು ನೇರ ಚುಚ್ಚಲ್ಲ, ಸುಮಾರು 30 ಡಿಗ್ರಿ ಓರೆಯಲ್ಲಿ ಚುಚ್ಚುತ್ತೇವೆ. ಮೈನಿನ ತಲೆಗೆ ತಾಗದೆ ಪಕ್ಕೆಗೆ ತಾಗಲಿ ಅಂತ. ಮೈನೇ ಮಗ್ಗುಲಾಗಿ ಮಲಗಿದ್ದರೆ ಅದರ ತಲೆ ನಮ್ಮ ಸಲಾಕೆಗೇ ಎದುರಾಗಿರುತ್ತೆ.

ಕೆಲಸ ಹೀಗೆ. ಒಂದು ಮೀಟರ್ ಅಗಲದ ಓಣಿ, ಎರಡೂ ಕಡೆ ಬಿಳಿ ಪಟ್ಟಿ. ಮುಂದೆ ಒಬ್ಬನೇ. ಹಿಂದೆ ದೂರದಲ್ಲಿ ಅವನ ಜೊತೆಗಾರ. ಮಂಡಿಯೂರಿ ಅಥವಾ ಹೊಟ್ಟೆಯ ಮೇಲೆ ಮಲಗಿ ಮೊದಲು ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸಬೇಕು, ಎಳೆಯಬಾರದು. ಆಮೇಲೆ ಡಿಟೆಕ್ಟರ್ ಆಡಿಸಬೇಕು. ಪ್ಲಾಸ್ಟಿಕ್ ಮೈನ್ ಡಿಟೆಕ್ಟರಿಗೆ ಕೇಳಿಸಲಿ ಅಂತ ಅದಕ್ಕೆ 8 ಗ್ರಾಮ್ ಕಬ್ಬಿಣದಷ್ಟು ಸದ್ದು ಕೊಡುವ ಲೋಹ ಇರಬೇಕು ಅನ್ನುವ ಅಂತಾರಾಷ್ಟ್ರೀಯ ನಿಯಮ ಇದೆ, ನಮ್ಮ ದೇಶವೂ ಅದಕ್ಕೆ ಒಪ್ಪಿದೆ. ಆದರೆ ರೈತನ ಹೊಲದಲ್ಲಿ ಕಬ್ಬಿಣಕ್ಕೇನು ಬರ? ನೇಗಿಲ ಮೊಳೆ, ಟ್ರ್ಯಾಕ್ಟರ್ ನಟ್ಟು, ಎಲ್ಲದಕ್ಕೂ ಅದು ಕುಂಯ್ ಅನ್ನುತ್ತೆ. ಕುಂಯ್ ಅಂದ ಕಡೆಯೆಲ್ಲ ಸಲಾಕೆ ಚುಚ್ಚಬೇಕು. ಎರಡು ಬೆರಳಿಗೆ ಒಂದು ಚುಚ್ಚು. ಕಲ್ಲಾದರೆ ಕರಕ್ ಅನ್ನುತ್ತೆ. ಮೈನಾದರೆ ಸದ್ದು ಬರಲ್ಲ, ಕೈಗೆ ಮೆತ್ತಗೆ ಗೊತ್ತಾಗುತ್ತೆ. ನಮ್ಮವ್ವ ಮೊರದಲ್ಲಿ ರಾಗಿ ಕೇರುತ್ತಾ ಕಲ್ಲು ಹೆಕ್ಕುತ್ತಿದ್ದಳಲ್ಲ, ಕಣ್ಣು ಎಲ್ಲೋ ಇರುತ್ತಿತ್ತು, ಬೆರಳು ಹೋಗಿ ಕಲ್ಲನ್ನೇ ಹಿಡಿಯುತ್ತಿತ್ತು. ಹಾಗೆ ಆಗಬೇಕು ಕೈ.

ಅರ್ಧ ಗಂಟೆಗೆ ಆಳು ಬದಲಾಯಿಸುತ್ತಿದ್ದೆವು. ಅರ್ಧ ಗಂಟೆ ಆದಮೇಲೆ ಕೈಗೆ ಧೈರ್ಯ ಬಂದುಬಿಡುತ್ತೆ. ಧೈರ್ಯ ಬಂದ ಕೈ ಈ ಕೆಲಸಕ್ಕೆ ಆಗಲ್ಲ.

ನಾಲ್ಕನೇ ವಾರ ನಮ್ಮ ಸೆಕ್ಷನ್ನಿನ ಒಬ್ಬ ಹುಡುಗನ ಪಾದ ಹೋಯಿತು. ಸೇಲಂ ಕಡೆಯವನು. ಬಿಳಿ ಪಟ್ಟಿಯ ಅಂಚಿನಲ್ಲೇ. ತಪ್ಪು ಯಾರದ್ದೂ ಅಲ್ಲ, ಮಣ್ಣಿನದು. ಅವನನ್ನು ಎತ್ತಿಕೊಂಡು ಬರಲು ನಾಲ್ಕು ಜನ ಬೇಕಾಯಿತು. ಲೆಕ್ಕ ಸರಿಯಾಗಿತ್ತು ನೋಡಿ. ಮಾರನೇ ದಿನ ಬೆಳಿಗ್ಗೆ ಅದೇ ಓಣಿಯಲ್ಲಿ ಮುಂದೆ ಹೋಗಿ ಮಲಗಿದವನು ನಾನು. ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ಇಷ್ಟಾದರೂ ಇದು ಕಷ್ಟದ ಭಾಗ ಅಲ್ಲ.

2003ರ ಫೆಬ್ರವರಿ ಕೊನೆಗೆ ಆ ಹೊಲ ಮುಗಿಯಿತು. ಹೂತದ್ದು 212. ಸೇಲಂ ಹುಡುಗನ ಕಾಲಿಗೆ ಸಿಡಿದದ್ದೂ ಸೇರಿ ಲೆಕ್ಕಕ್ಕೆ ಸಿಕ್ಕಿದ್ದು 209, ಒಂದೊಂದು ಸಿಕ್ಕಾಗಲೂ ಡಬ್ಬಿಯಿಂದ ಒಂದು ಕ್ಲಿಪ್ ತೆಗೆದಿಡುತ್ತಿದ್ದೆವು. ಹಿಂದಿನ ಬೇಸಿಗೆಯಲ್ಲಿ ಒಂದು ರಾತ್ರಿ ನೀಲ್‌ಗಾಯ್ ಅನ್ನುವ ಕಾಡುಪ್ರಾಣಿಗಳ ಹಿಂಡು ತಂತಿ ಮುರಿದು ನುಗ್ಗಿತ್ತು. ಪಹರೆಯವನು ಸಿಡಿದ ಸದ್ದು ಕೇಳಿದ್ದ. ಎರಡೋ ಮೂರೋ ಅಂತ ಅವನಿಗೇ ಖಾತ್ರಿ ಇರಲಿಲ್ಲ. ಎರಡು ಗುಂಡಿ ಸ್ಪಷ್ಟವಾಗಿ ಸಿಕ್ಕವು. ಮೂರನೆಯದು ನೀರು ನಿಂತು ಅಗಲವಾದ ಒಂದು ತಗ್ಗು. ಅದರಲ್ಲೂ ಪ್ಲಾಸ್ಟಿಕ್ ಚೂರು ಸಿಕ್ಕಿತು. ಆದರೆ ಚೂರು ಅಲ್ಲಿಯದೋ, ನೀರಿನಲ್ಲಿ ತೇಲಿ ಬಂದದ್ದೋ? ಇಡೀ ಹೊಲವನ್ನು ಮತ್ತೆ ಮೂರು ಸಲ ಹುಡುಕಿದೆವು. ಏನೂ ಇಲ್ಲ. 209 ಮತ್ತು 3 ಸೇರಿ 212. ಲೆಕ್ಕ ಮುಗಿಯಿತು. ನಿಯಮದ ಪ್ರಕಾರ ಎಲ್ಲ ಸರಿ.

ಹೊಲ ವಾಪಸ್ ಕೊಡುವ ದಿನ ಮುದುಕ ಬಂದ. ಅಷ್ಟೂ ತಿಂಗಳು ದಿನಾ ರಸ್ತೆ ಪಕ್ಕ ಹಗ್ಗದ ಮಂಚ ಹಾಕಿಕೊಂಡು ಕೂತಿರುತ್ತಿದ್ದ. ನಮಗೆ ಚಹಾ ಕಳಿಸುತ್ತಿದ್ದ. ನಮ್ಮ ಮೇಜರ್ ಸಾಹೇಬರು ಕಾಗದ ಕೊಟ್ಟು, ನಾವು ನಡೆದು ತೋರಿಸುತ್ತೇವೆ ಅಂದರು. ಹಾಗೆ ನಡೆದು ತೋರಿಸುವುದು ಪದ್ಧತಿ. ಸಾಹೇಬರು ತಾವೇ ಮುಂದಾದರು, ಒಳ್ಳೆಯ ಮನುಷ್ಯ. ಮುದುಕ ಅವರನ್ನು ತಡೆದ. ನನ್ನ ಕಡೆ ಬೆರಳು ತೋರಿಸಿದ.

"ಬಿತ್ತಿದವನು ನಡೀಲಿ" ಅಂದ.

ಡಿಸೆಂಬರಿನ ಆ ಮಂಜಿನಲ್ಲಿ ನನ್ನ ಮುಖ ನೋಡಿದ್ದ, ಮರೆತಿರಲಿಲ್ಲ.

ಆಮೇಲೆ ಬಗ್ಗಿ ತನ್ನ ಜೋಡು ಬಿಚ್ಚಿದ. "ನಾನು ನೀರು ಕಟ್ಟೋದು ಬರಿಗಾಲಲ್ಲಿ" ಅಂದ. ನಾನು ಏನು ಹೇಳಲಿ? ಕೂತು ಬೂಟು ಬಿಚ್ಚಿದೆ, ಸಾಕ್ಸ್ ಬಿಚ್ಚಿದೆ. ಪ್ಯಾಂಟು ಮಡಿಚಿದೆ.

ಆರು ಎಕರೆ. ಅವನು ಪಕ್ಕದಲ್ಲಿ, ನಾನು ಇಲ್ಲಿ. ನೇರ ಹೋಗಲಿಲ್ಲ ಅವನು. ನೀರಿನ ಕಾಲುವೆ ಹಿಡಿದು ಹೋದ, ತಿರುಗಿದ, ಮತ್ತೆ ಬಂದ, ಉಳುವವನ ಹಾಗೆ. ಮಣ್ಣು ತಣ್ಣಗಿತ್ತು. ಹಿಂದಿನ ದಿನ ಸಣ್ಣ ಮಳೆ ಬಿದ್ದಿತ್ತು, ಬೆರಳ ಸಂದಿಯಲ್ಲಿ ಕೆಸರು ನುಗ್ಗುತ್ತಿತ್ತು. ಅರ್ಧ ದಾರಿಗೆ ಆ ತಗ್ಗು ಬಂತು. ಅವನಿಗೆ ಗೊತ್ತಿತ್ತೋ ಇಲ್ಲವೋ, ಸೀದಾ ಅದರೊಳಗೇ ಇಳಿದ. ನಾನೂ ಇಳಿದೆ. ಆ ಹತ್ತು ಹೆಜ್ಜೆಯಲ್ಲಿ ನನಗೆ ದೇವರು ನೆನಪಾಗಲಿಲ್ಲ, ಮನೆ ನೆನಪಾಗಲಿಲ್ಲ. ಕ್ಲಿಪ್ ಡಬ್ಬಿಯ ಸದ್ದು ನೆನಪಾಯಿತು. ಡಬ್ಬಿಯಲ್ಲಿ ಇನ್ನೂ ಮೂರು ಕ್ಲಿಪ್ ಇದ್ದವು.

ಏನೂ ಆಗಲಿಲ್ಲ. ಈ ತುದಿಗೆ ಬಂದಮೇಲೆ ಮುದುಕ ಕಾಲು ತೊಳೆದುಕೊಂಡು, ನನಗೂ ನೀರು ಹಾಕಿದ. ಇನ್ನೊಂದು ಲೋಟ ಚಹಾ ಕೊಟ್ಟ.

ಕಷ್ಟ ಯಾವುದು ಅಂತ ಕೇಳಿದೆಯಲ್ಲ ಮಗಾ, ನನಗೆ ಅದೇ. ಗುಂಡು ಬಂದರೆ ಬಗ್ಗಬಹುದು. ಅಲ್ಲಿ ಬಗ್ಗುವುದಕ್ಕೆ ಏನೂ ಇರಲಿಲ್ಲ.

ಅದೇ ವರ್ಷ ಸೆಪ್ಟೆಂಬರಿಗೆ ರಜೆ ಸಿಕ್ಕಿ ಊರಿಗೆ ಬಂದೆ. ನಮ್ಮ ಕಡೆ ಆಲೂಗೆಡ್ಡೆ ಕೀಳುವ ಕಾಲ. ಅಣ್ಣ ನೇಗಿಲು ಹೊಡೆಯುತ್ತಿದ್ದ, ಅತ್ತಿಗೆ ಹಿಂದಿನಿಂದ ಆಯುತ್ತಿದ್ದಳು. ಮಣ್ಣಿನಿಂದ ಗೆಡ್ಡೆ ದುಂಡಗೆ ಮೇಲೆ ಬಂದಾಗಲೆಲ್ಲ ನನಗೆ ಎದೆ ಧಸಕ್ ಅನ್ನುತ್ತಿತ್ತು. ನಾನು ಬದುವಿನ ಮೇಲೇ ನಿಂತಿದ್ದೆ. "ಮಿಲಿಟ್ರಿ ಹೋಗಿ ಸಾಹೇಬ ಆಗ್ಬಿಟ್ಟ, ಮಣ್ಣು ಮುಟ್ಟಲ್ಲ" ಅಂತ ಅತ್ತಿಗೆ ನಕ್ಕಳು. ನಗಲಿ ಅಂತ ಸುಮ್ನಿದ್ದೆ.

---

ಚಿಕ್ಕಮಗಳೂರು ಕಾಫಿ

ಸ್ಯಾಪರ್ ಸರ್, ಓದಿ ಕೈ ತಣ್ಣಗಾಯಿತು. ಒಂದು ಅನುಮಾನ. ಇದಕ್ಕೆಲ್ಲ ಮೆಷಿನ್ ಇಲ್ವಾ? ಟ್ಯಾಂಕಿನ ಮುಂದೆ ಉರುಳೆ ಕಟ್ಟಿ ಓಡಿಸುವುದನ್ನು ಎಲ್ಲೋ ನೋಡಿದ್ದೆ. ಮನುಷ್ಯರೇ ಯಾಕೆ ಮಲಗಬೇಕು?

---

ದುದ್ದದ ಸ್ಯಾಪರ್

ಇದೆ ಸ್ವಾಮಿ. ಟ್ರಾಲ್ ಅಂತೀವಿ. ಟ್ಯಾಂಕಿಗೆ ಕಟ್ಟಿ ಓಡಿಸಿದರೆ ಮುಂದಿನ ಮೈನುಗಳನ್ನು ಸಿಡಿಸಿಕೊಂಡು ಹೋಗುತ್ತೆ. ಅದು ಯುದ್ಧದಲ್ಲಿ ದಾರಿ ಬಿಡಿಸುವುದಕ್ಕೆ. ಹತ್ತರಲ್ಲಿ ಒಂದು ಉಳಿದರೂ ಯುದ್ಧದಲ್ಲಿ ನಡೆಯುತ್ತೆ. ಆದರೆ ಹೊಲದಲ್ಲಿ ನಾಳೆ ಹೆಂಗಸರು ಕಳೆ ಕೀಳಬೇಕು, ಮಕ್ಕಳು ದನ ಹೊಡೆದುಕೊಂಡು ಬರಬೇಕು. ಅಲ್ಲಿ ಒಂದೂ ಉಳಿಯಬಾರದು. ಉರುಳೆಯ ಸಂದಿಯಲ್ಲಿ ಚಿಕ್ಕ ಮೈನ್ ತಪ್ಪಿಸಿಕೊಳ್ಳುತ್ತೆ. ಕಾಲುವೆ ಏರಿ, ಮರದ ಬುಡ, ಕೊಳವೆಬಾವಿ ಪಕ್ಕ ಟ್ಯಾಂಕು ಹೋಗಲ್ಲ. ಕೆಸರಲ್ಲಿ ಹೂತುಕೊಳ್ಳುತ್ತೆ. ಮೆಷಿನ್ ಓಡಿಸಿದರೂ ಕೊನೆಗೆ ಕೈಯೇ ಬೇಕು.

ನಿಮ್ಮ ತೋಟದಲ್ಲೂ ಮೆಷಿನ್ ಇದ್ದರೂ ಕಾಫಿ ಹಣ್ಣು ಕೈಯಲ್ಲೇ ಕೀಳಿಸ್ತೀರಲ್ಲ, ಹಾಗೆ ಅಂದ್ಕೊಳ್ಳಿ.

---

ಕಡೂರಿನವಳು

ನಾನು ಸೈನ್ಯದಲ್ಲಿ ಇದ್ದವಳಲ್ಲ. ನಮ್ಮ ಯಜಮಾನರು ತೋಪಿನವರು, ಆರ್ಟಿಲರಿ. ಹುಡುಗನ ಅವ್ವ ಕೇಳಿದ್ದಾರೆ ಅಂತ ಬರೆಯುತ್ತಿದ್ದೇನೆ. ಗಂಡಸರು ಅವರ ಕಷ್ಟ ಹೇಳಿದರು, ಅವ್ವನ ಡ್ಯೂಟಿ ಯಾವುದು ಅಂತ ನಾನು ಹೇಳುತ್ತೇನೆ.

1999ರ ಬೇಸಿಗೆ, ಕಾರ್ಗಿಲ್ ಯುದ್ಧದ ಕಾಲ. ಯಜಮಾನರು ದ್ರಾಸ್ ಕಡೆ ಇದ್ದರು, ಬೋಫೋರ್ಸ್ ತೋಪಿನ ಮೇಲೆ. ಟಿವಿಯಲ್ಲಿ ದಿನಾ ರಾತ್ರಿ ಆ ತೋಪು ಹೊಡೆಯುವುದನ್ನು ತೋರಿಸುತ್ತಿದ್ದರು. ನಾನು ಮಗೂನ ತೊಡೆ ಮೇಲೆ ಹಾಕಿಕೊಂಡು, ತೋಪಿನ ಹಿಂದೆ ಕಿವಿ ಮುಚ್ಚಿಕೊಂಡು ನಿಂತವರ ಬೆನ್ನು ನೋಡುತ್ತಿದ್ದೆ. ಎಲ್ಲರ ಬೆನ್ನೂ ಒಂದೇ ಥರ.

ಫೋನು ಇರಲಿಲ್ಲ. ಅಂಗಡಿಯಲ್ಲಿ ಒಂದಿತ್ತು, ಆದರೆ ಅವರಿಗೆ ಅಲ್ಲಿಂದ ಮಾಡಲು ಆಗುತ್ತಿರಲಿಲ್ಲ. ಬರುತ್ತಿದ್ದದ್ದು ಇನ್‌ಲ್ಯಾಂಡ್ ಕಾಗದ. ವಿಳಾಸದಲ್ಲಿ ಊರ ಹೆಸರೇ ಇರಲ್ಲ, 56 ಎಪಿಓ, ಅಂದರೆ ಸೈನ್ಯದ ಅಂಚೆ ಕಚೇರಿ, ಅಂತ ಅಷ್ಟೇ. ಹದಿನೈದು ದಿನ ಏನೂ ಬರುತ್ತಿರಲಿಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತಿದ್ದವು. ಹಿಂದು ಮುಂದಾಗಿ. ಜುಲೈನಲ್ಲಿ ಬರೆದದ್ದು ಮೊದಲು ಬಂದು, ಜೂನಿನದು ಆಮೇಲೆ ಬಂದದ್ದೂ ಇದೆ. ನಾನು ಒಳಗೆ ಬರೆದದ್ದನ್ನು ಓದುವ ಮೊದಲು ತಾರೀಖು ನೋಡುತ್ತಿದ್ದೆ. ಆ ತಾರೀಖಿನವರೆಗೆ ಇದ್ದಾರೆ. ಅಲ್ಲಿಂದ ಈಚೆಗೆ ಗೊತ್ತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕುಂಕುಮ ಇಡುತ್ತಿದ್ದೆ. ಅತ್ತೆಗೆ ಓದಲು ಬರುತ್ತಿರಲಿಲ್ಲ, ಕುಂಕುಮ ಎಲ್ಲಿವರೆಗೆ ಬಂತು ಅಂತ ನೋಡಿ ಹೋಗುತ್ತಿದ್ದರು.

ಈಗ ಫೋನು ಇದೆ, ವಿಡಿಯೋ ಕಾಲ್ ಇದೆ. ಆದರೂ ಸಿಗ್ನಲ್ ಇಲ್ಲದ ಕಡೆ ಹಾಕಿಯೇ ಹಾಕುತ್ತಾರೆ. ತಮ್ಮಾ, ಹೊರಡುವ ಮೊದಲು ಅವ್ವನಿಗೆ ಒಂದು ಮಾತು ಸರಿಯಾಗಿ ಹೇಳು. ಫೋನು ಬರಲಿಲ್ಲ ಅಂದರೆ ಏನೋ ಆಯಿತು ಅಂತ ಅಲ್ಲ, ಸಿಗ್ನಲ್ ಇಲ್ಲ ಅಂತ. ಇದನ್ನು ಹತ್ತು ಸಲ ಹೇಳು. ಮತ್ತೆ ನಿನ್ನ ನಂಬರು, ಯೂನಿಟ್ಟಿನ ಹೆಸರು, ವಿಳಾಸ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸು. ನಾನು ಟ್ರಂಕಿನಲ್ಲಿ ಇಟ್ಟು, ಬೇಕಾದಾಗ ಹುಡುಕಾಡಿದ್ದೇನೆ.

ನಮ್ಮವರು ಚೆನ್ನಾಗಿ ಬಂದರು. ಎಡಗಿವಿ ಅಷ್ಟಾಗಿ ಕೇಳಲ್ಲ, ಬೇಕಾದದ್ದು ಮಾತ್ರ ಕೇಳುತ್ತೆ.

---

ಆಲೂರು ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದಮೇಲೆ ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಅಪ್ಪನೂ ಕೂತಿದ್ದರು, ಮಧ್ಯೆ ಎದ್ದು ಹೊರಗೆ ಹೋದರು.

ಕಾಲ್ಬೆರಳಿನ ವಿಷಯ ಕೇಳಿ ಅವ್ವ, "ಆ ಹುಡುಗ್ರೂ ಸುಳ್ಳು ಹೇಳ್ತವೆ, ನೀನೂ ಹೇಳ್ತೀಯ" ಅಂದಳು. ಕಡೂರಿನ ಅಕ್ಕ ಹೇಳಿದ ಹಾಗೆ ಬಾಗಿಲಿಗೆ ಕಾಗದ ಅಂಟಿಸುತ್ತೇನೆ, ಅವ್ವನಿಗೆ ಅದು ಹಿಡಿಸಿತು.

ಸ್ಯಾಪರ್ ಅಂಕಲ್, ನಿಮ್ಮದನ್ನು ಓದಿದಾಗ ಅವ್ವ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಒಲೆ ಹೊತ್ತಿಸುವಾಗ ಒಂದೇ ಮಾತು ಕೇಳಿದಳು. "ಆ ಮುದುಕ ಆಮೇಲೆ ಆ ಹೊಲದಾಗೆ ಏನ್ ಬೆಳೆದ್ನಂತೆ? ಏನೂ ಆಗ್ಲಿಲ್ವಂತಾ?" ನಿಮ್ಮನ್ನು ಕೇಳಿ ಹೇಳು ಅಂದಿದ್ದಾಳೆ.

---

ದುದ್ದದ ಸ್ಯಾಪರ್

ನಿಮ್ಮವ್ವ ಬಹಳ ಸೂಕ್ಷ್ಮ ಕಣಪ್ಪ. ನಮ್ಮ ಮೇಲಿನವರು ಯಾರೂ ಕೇಳದ ಪ್ರಶ್ನೆ ಅದು.

ನನಗೆ ಗೊತ್ತಿಲ್ಲ. ಮಾರ್ಚ್ ಮೊದಲ ವಾರದಲ್ಲೇ ನಮ್ಮನ್ನು ಬೇರೆ ಕಡೆ ಕಳಿಸಿದರು. ಮುದುಕನ ವಿಳಾಸ ಬರೆದುಕೊಳ್ಳಲಿಲ್ಲ, ಅವನ ಹೆಸರೂ ಕೇಳಲಿಲ್ಲ. ಹೊಲದ ನಕ್ಷೆ ಮಾತ್ರ ತಲೆಯಲ್ಲಿದೆ.

ಆದರೆ ಅವ್ವನಿಗೆ ಇದೊಂದು ಹೇಳು. ನಮ್ಮ ಹಾಸನದ ಆಲೂಗೆಡ್ಡೆ ಬಿತ್ತನೆ ಬೀಜ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಪ್ರತಿ ವರ್ಷ ಮೇ ತಿಂಗಳು ಬಂತು ಅಂದರೆ ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಬೀಜದ ಮೂಟೆಗಳು ಇಳಿಯುತ್ತವೆ. ನಾನು ಹೋಗುತ್ತೇನೆ. ನನಗೆ ಬೇಕಾಗಿರುವುದು ಮುಕ್ಕಾಲು ಎಕರೆಗೆ ಬೀಜ, ಅರ್ಧ ಗಂಟೆಯ ಕೆಲಸ. ಆದರೂ ಮಧ್ಯಾಹ್ನದವರೆಗೆ ಅಲ್ಲೇ ಇರುತ್ತೇನೆ. ಪಂಜಾಬಿ ಡ್ರೈವರ್ ಯಾರಾದರೂ ಕಂಡರೆ ಹೋಗಿ ಕೇಳುತ್ತೇನೆ, ಫಾಜಿಲ್ಕಾ ಕಡೆಯವರಾ ಅಂತ. ಇದುವರೆಗೆ ಯಾರೂ ಸಿಕ್ಕಿಲ್ಲ. ಈ ಸಲ ಸಿಕ್ಕವನು ಜಲಂಧರಿನವನೇ, ಚಿಕ್ಕ ಹುಡುಗ, 2002ರಲ್ಲಿ ಹುಟ್ಟಿದ್ದನೋ ಇಲ್ಲವೋ. ಯಾಕೆ ಕೇಳ್ತೀರಿ ಅಂದ. ಹಾಗೇ ಸುಮ್ನೆ ಅಂದೆ. ಲಾರಿಯ ನೆರಳಲ್ಲಿ ಸ್ಟೌ ಹಚ್ಚಿ ಚಹಾ ಮಾಡುತ್ತಿದ್ದ. ನನಗೂ ಒಂದು ಲೋಟ ಕೊಟ್ಟ.